ಕೆಮ್ಮಣ್ಣಿನ ಕೆಳಗೆ

ಒಂದೂರಿನಲ್ಲಿ ಒಬ್ಬ ರಾಜ, ಆ ರಾಜನಿಗೆ ಒಬ್ಬಳೇ ಮಗಳು, ಆ ಮಗಳ ಬೆನ್ನಿನ ಮೇಲೆ ಯಾರ ಕಣ್ಣು ತಾಗಿತೋ ಏನೋ, ಒಂದು ಬೆಳಗ್ಗೆ ಸಣ್ಣದೊಂದು ಗಂಟು ಎದ್ದಿತು. ಮೊದಲು ಬಂದ ವೈದ್ಯ ಅದರ ಮೇಲೆ ಅರಿಶಿನದ ಪಟ್ಟು ಹಾಕಿದ. ಎರಡನೆಯವನು ಅದನ್ನು ಕಿತ್ತರೆ ಮೊದಲನೆಯವನಿಗೆ ಅವಮಾನವಾದೀತೆಂದು ಅರಿಶಿನದ ಮೇಲೆಯೇ ಬೇವಿನ ಸೊಪ್ಪು ಅರೆದು ಮೆತ್ತಿದ. ಮೂರನೆಯವನು ಹುತ್ತದ ಮಣ್ಣು, ನಾಲ್ಕನೆಯವನು ಸುಣ್ಣ ಬೆಲ್ಲ. ಹೀಗೆ ವರ್ಷ ಕಳೆಯುವಷ್ಟರಲ್ಲಿ ರಾಜಕುಮಾರಿ ಅರಮನೆಯ ಬಾಗಿಲಲ್ಲಿ ತೂರಲಾರದಷ್ಟು ದಪ್ಪಗಾದಳು. ಪಟ್ಟು ಎಲ್ಲಿಗೆ ಮುಗಿಯುತ್ತದೆ, ಗಂಟು ಎಲ್ಲಿಂದ ಶುರುವಾಗುತ್ತದೆ ಎಂದು ಹೇಳಬಲ್ಲವರು ಆ ರಾಜ್ಯದಲ್ಲೇ ಉಳಿಯಲಿಲ್ಲ. ಆಗ ರಾಜ ಡಂಗುರ ಹೊಡೆಸಿದ: ಗಂಟಿನ ಗಾತ್ರ ಸರಿಯಾಗಿ ಹೇಳಿದವರಿಗೆ ಅರ್ಧ ರಾಜ್ಯ.

ಕಥೆ ಇಲ್ಲಿಗೆ ಬಂದಾಗಲೆಲ್ಲ ಬಸವಲಿಂಗಮ್ಮ ನಿಲ್ಲಿಸಿ, ಎಲೆಗೆ ಸುಣ್ಣ ಸವರುತ್ತ, “ಹೂಂ ಅನ್ನೇ, ಹೂಂ ಅನ್ದಿದ್ರೆ ಕಥೆ ಮುಂದಕ್ಕೆ ಹೋಗಲ್ಲ” ಎನ್ನುತ್ತಿದ್ದಳು. ಮೊಮ್ಮಗಳು ಹೂಂ ಎನ್ನುತ್ತಿದ್ದಳು. ಅರ್ಧ ರಾಜ್ಯ ಒಂದು ಸಲ ಅಗಸಗಿತ್ತಿಗೆ ಸಿಗುತ್ತಿತ್ತು, ಇನ್ನೊಂದು ಸಲ ಎಮ್ಮೆ ತೊಳೆಯುವವಳಿಗೆ, ಅಜ್ಜಿಗೆ ನಿದ್ದೆ ಬಂದಿದ್ದರೆ ಯಾರಿಗೂ ಇಲ್ಲ. ಬದಲಾಗದೆ ಇದ್ದದ್ದು ಒಂದೇ ಮಾತು. ಕೊನೆಗೆ ಎಲ್ಲ ತೊಳೆದು ನೋಡಿದರೆ ಒಳಗೆ ಇದ್ದದ್ದು ಸಾಸಿವೆ ಕಾಳಿನಷ್ಟು.

ಸಾಸಿವೆ ಕಾಳಿನಷ್ಟು, ಎಂದುಕೊಂಡಳು ಆ ಮೊಮ್ಮಗಳು, ರೂಪಶ್ರೀ, ಮತ್ತು ಕೈಯಲ್ಲಿದ್ದ ರಬ್ಬರ್ ವಾಷರನ್ನು ಕೆಂಪು ಡಬ್ಬಿಗೆ ಹಾಕಿದಳು. ಶನಿವಾರ, ಹನ್ನೊಂದೂವರೆ ಗಂಟೆ, ತುಮಕೂರಿನ ಸತ್ಯಮಂಗಲದಲ್ಲಿ ಕಾರ್ಖಾನೆ ಶೆಡ್ಡಿನ ತಗಡು ಕಾಯುತ್ತಿತ್ತು. ಬೋರ್‌ವೆಲ್ ಪಂಪಿಗೆ ಹಾಕುವ ವಾಷರ್‌ಗಳನ್ನು ವರ್ನಿಯರ್ ಎಂಬ ಅಳತೆಗೋಲಿನ ಎರಡು ಹಲ್ಲುಗಳ ನಡುವೆ ಹಿಡಿದು ಅಳೆಯುವುದು ಅವಳ ಕೆಲಸ, ದಿನಕ್ಕೆ ನಾನೂರು. ಹನ್ನೆರಡು ಮಿಲಿಮೀಟರ್ ಇದ್ದರೆ ಹಸಿರು ಡಬ್ಬಿ, ಒಂದು ಕೂದಲು ಹೆಚ್ಚುಕಮ್ಮಿಯಾದರೆ ಕೆಂಪು. ಮೂರು ವರ್ಷದಲ್ಲಿ ಅವಳ ಬೆರಳುಗಳಿಗೆ ಎಂಥ ಅಭ್ಯಾಸವಾಗಿತ್ತೆಂದರೆ, ಬಸ್ಸಿನ ಕಂಬಿ ಹಿಡಿದರೆ ಅದರ ದಪ್ಪ ಹೊಳೆಯುತ್ತಿತ್ತು, ಅಜ್ಜಿಯ ಬಳೆ ಮುಟ್ಟಿದರೆ ಅದು ಸವೆದದ್ದು ತಿಳಿಯುತ್ತಿತ್ತು. ಆದರೆ ಎರಡು ವಾರದ ಹಿಂದೆ ತುಮಕೂರಿನ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಅನಂತರಾಜು, “ಗಂಟು ಹೋದ ತಿಂಗ್ಳು ಎಷ್ಟಿತ್ತಮ್ಮಾ? ಕಡ್ಲೆಕಾಯಿ ಬೀಜದಷ್ಟಾ? ನಿಂಬೆಹಣ್ಣಷ್ಟಾ?” ಎಂದು ಕೇಳಿದಾಗ ಅವಳು ಎರಡು ಬೆರಳನ್ನು ಅಗಲಿಸಿ, ಕಿರಿದು ಮಾಡಿ, ಮತ್ತೆ ಅಗಲಿಸಿದಳು. ಕಬ್ಬಿಣದ ಮೇಜಿನ ಮೇಲೆ ಪುರಿ ನಡುಗುತ್ತ ನಿಂತಿತ್ತು. ಕಡ್ಲೆಪುರಿಯ ಬಣ್ಣದ ನಾಯಿ, ಏಳು ವರ್ಷದ ಹೆಣ್ಣು, ಮರಿಯಾಗಿದ್ದಾಗ ಅಂಗೈಯಲ್ಲಿ ಹಿಡಿಸುತ್ತಿದ್ದುದರಿಂದ ಆ ಹೆಸರು. ಈಗ ಅದರ ಬಲ ಪಕ್ಕೆಯಿಂದ ತೊಡೆಯವರೆಗೆ ಕೆಮ್ಮಣ್ಣು ದಪ್ಪಗೆ ಒಣಗಿ ಬಿರುಕು ಬಿಟ್ಟಿತ್ತು. “ಇದೇನಮ್ಮಾ, ನಾಯಿನ ದೇವಸ್ಥಾನದ ಗೋಡೆ ಮಾಡ್ಬಿಟ್ಟಿದೀರ! ಸುಣ್ಣ ನೀವ್ ಹೊಡಿಸಿದ್ದಾ, ಹುಟ್ಟಾ ಇತ್ತಾ?” ಎಂದರು ಡಾಕ್ಟರು. ಹಿಂದೆ ಬೆಂಚಿನ ಮೇಲೆ ಬೆಕ್ಕು ಹಿಡಿದು ಕೂತಿದ್ದ ಹೆಂಗಸು ನಕ್ಕಳು. ಬೆಕ್ಕೂ ನಕ್ಕಂತೆ ರೂಪಶ್ರೀಗೆ ಕಂಡಿತು. “ಏನ್ ಕೆಲ್ಸ ಮಾಡ್ತೀಯಮ್ಮ ನೀನು?” ಕ್ವಾಲಿಟಿ ಚೆಕಿಂಗ್ ಸಾರ್, ಅಳತೆ ನೋಡೋದು, ಎಂದಳು. ಡಾಕ್ಟರು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮೃದುವಾಗಿ, “ಮಣ್ಣಿನ ಮೇಲೆ ಸೂಜಿ ಹಾಕಕ್ಕಾಗಲ್ಲ. ಚೆನ್ನಾಗಿ ತೊಳ್ದು, ಎಷ್ಟು ಗಂಟಿದೆ, ಯಾವ್ದು ಎಷ್ಟಿದೆ ಬರ್ಕೊಂಡು, ಭಾನುವಾರ ಹತ್ತು ಗಂಟೆಗೆ ಕರ್ಕೊಂಡ್ ಬಾ. ಒಳಗಿನ ನೀರು ತೆಗ್ದು ಟೆಸ್ಟಿಗೆ ಬೆಂಗ್ಳೂರಿಗೆ ಕಳಿಸ್ತೀನಿ. ಸುಮ್ನೆ ದಿನ ತಳ್ಬೇಡ. ಮಾತು ಕೊಡ್ತೀಯಾ?” ಎಂದರು. ಕೊಟ್ಟಳು. ಆಮೇಲೆ ಒಂದು ಭಾನುವಾರ ಹೋಯಿತು. ನಾಳೆ ಎರಡನೆಯದು.

ಮೊದಲನೇ ಗಂಟು ಶಿವರಾತ್ರಿಯ ಹೊತ್ತಿಗೆ ಕೈಗೆ ಸಿಕ್ಕಿತ್ತು. ಉಪವಾಸದ ಆಲಸ್ಯದಲ್ಲಿ ಪಡಸಾಲೆಯಲ್ಲಿ ಒರಗಿ ಪುರಿಯ ಹೊಟ್ಟೆ ಕೆರೆಯುತ್ತಿದ್ದಾಗ ಚರ್ಮದ ಅಡಿಯಲ್ಲಿ ಏನೋ ಜಾರಿತು, ಬೆರಳಿಗೆ ಸಿಕ್ಕಿ ತಪ್ಪಿಸಿಕೊಂಡಿತು. ಹದಿನೈದು ದಿನಕ್ಕೆ ಎರಡಾಯಿತು, ಆಮೇಲೆ ಮೂರು. ಆಮೇಲೆ ದೊಡ್ಡದರ ನೆತ್ತಿ ಒಡೆದು ಹುಣ್ಣಾಯಿತು. ಆಗಿನ್ನೂ ಕೆಮ್ಮಣ್ಣಿರಲಿಲ್ಲ; ಅನಂತರಾಜು ಚರ್ಮ ಕೆರೆದು ನೋಡಿದರು, ಹುಳವಿಲ್ಲ. ಮೂರು ವಾರ ಮಾತ್ರೆ ಕೊಟ್ಟರು, ಇಳಿಯಲಿಲ್ಲ. “ಏನೂಂತ ಈಗ್ಲೇ ಹೇಳಕ್ಕಾಗಲ್ಲ” ಎಂದರು. ಹೇಳಲಾಗದ ಆ ಮಾತಿನ ಒಳಗೆ ಇನ್ನೊಂದು ಮಾತು ಕೂತಿದೆಯೆಂದು ರೂಪಶ್ರೀಗೆ ತುಮಕೂರಿನಿಂದ ಗುಬ್ಬಿಯವರೆಗೂ ಆಟೋದಲ್ಲಿ ಅನ್ನಿಸುತ್ತಲೇ ಇತ್ತು. ಪುರಿ ತೊಡೆಯ ಮೇಲೆ ತಲೆಯಿಟ್ಟು, ಗಾಳಿಗೆ ಕಿವಿ ಬಿಟ್ಟು, ಸುಖವಾಗಿ ಮಲಗಿತ್ತು. ಮನೆಗೆ ಬಂದವಳೇ ಅಜ್ಜಿಯ ಮುಂದೆ ಕೂತು, “ಅಜ್ಜೀ, ನೀನೇ ಬರೀ” ಎಂದಳು.

ಬಸವಲಿಂಗಮ್ಮ ಕೆಮ್ಮಣ್ಣು ಬರೆಯುವವಳು. ಸೊಂಟದ ಸುತ್ತ ಸರ್ಪಸುತ್ತು ಎದ್ದವರು ಭಾನುವಾರ ಹೊತ್ತು ಮೂಡುವ ಮುಂಚೆ ಗುಬ್ಬಿಯಲ್ಲಿರುವ ಇವರ ಹಿಟ್ಟಿನ ಗಿರಣಿ ಮನೆಯ ಜಗಲಿಗೆ ಬರುತ್ತಾರೆ. ಅವಳು ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಮಣ್ಣು ತೇಯ್ದು, ಗುಳ್ಳೆಗಳ ತಲೆ ಬಾಲ ಕೂಡದ ಹಾಗೆ ಸುತ್ತ ಗೆರೆ ಎಳೆಯುತ್ತಾಳೆ. ಬಂದವರು ಕಾಸು ಕೊಡುವ ಹಾಗಿಲ್ಲ. ಹೊರಡುವಾಗ ಬರ್ತೀನಿ ಅನ್ನುವ ಹಾಗಿಲ್ಲ, ತಿರುಗಿ ನೋಡದೆ ಹೋಗಬೇಕು. ಮಣ್ಣು ತಾನಾಗಿ ಉದುರಬೇಕು. ಉದುರುವ ಮುಂಚೆ ಬೇರೆಯವರು ಯಾರಾದರೂ ತೊಳೆದರೆ ಬರೆದವಳ ಕೈಗುಣ ಕೆಡುತ್ತದೆ. ಇದನ್ನು ಬಸವಲಿಂಗಮ್ಮನಿಗೆ ಅವಳ ತಾಯಿ ಹೇಳಿದ್ದು, ಕುಣಿಗಲ್ ಕೆರೆಯಾಚೆಯ ತವರು ಹೊಲದಲ್ಲಿ, ಆ ಹೊಲದ ಮಣ್ಣನ್ನೇ ಕೈಗೆ ಕೊಟ್ಟು. “ಮನುಷ್ರಿಗೆ ಬರೆಯೋದು ಕಣೇ ಇದು. ನಾಯಿಗ್ ಬರೀತಾರಾ? ಊರೋರು ನಗಲ್ವಾ?” ಎಂದಳು ಅಜ್ಜಿ. ರೂಪಶ್ರೀ ಅತ್ತಳು. ಇಪ್ಪತ್ನಾಲ್ಕು ವರ್ಷದ ಹುಡುಗಿ ಪಡಸಾಲೆಯಲ್ಲಿ ಕೂತು ಮಗುವಿನಂತೆ ಅತ್ತದ್ದು ಕಂಡು ಅಜ್ಜಿ ಸೋತಳು. “ಮಣ್ಣು ಮುಗ್ದೈತೆ. ಕುಣಿಗಲ್ಗೋಗಿ ತಗಂಡ್ಬಾ ಹೋಗು.”

ಹೋದದ್ದು ನಿಜ. ವಾಷರುಗಳ ಮೇಲೆ ಬಗ್ಗಿದ ರೂಪಶ್ರೀಯ ಕಿವಿ ಬಿಸಿಯಾಯಿತು. ಕುಣಿಗಲ್ಲಿನಲ್ಲಿ ಬಸ್ಸಿಳಿದು ಕೆರೆ ಏರಿಯ ಮೇಲೆ ನಿಂತಿದ್ದಳು. ನೀರು ತೀರಾ ನಿಶ್ಚಲವಾಗಿತ್ತು; ಈ ಕೆರೆಯ ತಳದಲ್ಲಿ ಏಳು ಬಾಗಿಲಿನ ಒಂದು ಮನೆಯಿದೆಯೆಂದು ಅಜ್ಜಿ ಹೇಳಿದ್ದ ಕಥೆಯನ್ನು ಬಾಗಿಲು ಬಾಗಿಲಾಗಿ ತೆರೆಯುತ್ತ ನಿಂತವಳಿಗೆ, ಅಜ್ಜಿಯ ಊರಿಗೆ ಹೋಗುವ ಬಸ್ಸು ಹಿಂದಿನಿಂದಲೇ ಹಾರ್ನ್ ಹೊಡೆದುಕೊಂಡು ಹೋದದ್ದು ಗೊತ್ತಾದದ್ದು ಅದರ ಧೂಳು ಇಳಿದ ಮೇಲೆ. ಇನ್ನೊಂದು ಬಸ್ಸು ಸಂಜೆಗೆ. ಮಣ್ಣಿಗೆಂದು ತಂದ ಟಿಫನ್ ಬಾಕ್ಸ್ ಖಾಲಿ. ಪೇಟೆಯ ಅಂಗಡಿಯಲ್ಲಿ ರಂಗೋಲಿ ಪುಡಿಯ ಪಕ್ಕದಲ್ಲಿ ಕಾವಿ ಪುಡಿಯ ಪೊಟ್ಟಣಗಳನ್ನು ತೂಗುಹಾಕಿದ್ದರು, ಹೊಸಿಲಿಗೆ ಬಳಿಯುವ ಕಾವಿ. ಎರಡು ಪೊಟ್ಟಣ ಕೊಂಡು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಟಿಫನ್ ಬಾಕ್ಸಿಗೆ ಸುರಿದುಕೊಂಡಳು. ಅಜ್ಜಿ ಮುಚ್ಚಳ ತೆಗೆದು ಹಣೆಗೊತ್ತಿಕೊಂಡು, “ನಮ್ಮವ್ವನ ಹೊಲ” ಎಂದಳು. ಆ ಕ್ಷಣದಲ್ಲಿ ಹೇಳಿಬಿಡಬೇಕಿತ್ತು. ಹೇಳದೆ ಹೋದದ್ದರ ಮೇಲೆ ಆ ಭಾನುವಾರ ಒಂದು ಗೆರೆ ಬಿತ್ತು, ಮುಂದಿನ ಭಾನುವಾರ ಇನ್ನೊಂದು, ಕ್ಲಿನಿಕ್ಕಿನಿಂದ ಬಂದ ಮೇಲೂ ಇನ್ನೊಂದು. ಗಂಟಿನ ಮೇಲೆ ಬಿದ್ದದ್ದು ಅಂಗಡಿಯ ಕಾವಿ, ಕಾವಿಯ ಮೇಲೆ ಅವಳ ಸುಳ್ಳು, ಸುಳ್ಳಿನ ಮೇಲೆ ಅಜ್ಜಿಯ ನಂಬಿಕೆ. ಪುರಿ ನೆಕ್ಕದಿರಲೆಂದು ಎಣ್ಣೆ ಕ್ಯಾನಿನ ತಳ ಕತ್ತರಿಸಿ ಕೊರಳಿಗೆ ಹಾಕಿದ್ದರು. ಅಜ್ಜಿ ಅದನ್ನು ಕಿರೀಟ ಎನ್ನುತ್ತಿದ್ದಳು. ಮೊನ್ನೆ ಗುರುವಾರ ಆ ಕಿರೀಟ ಸರಿಮಾಡಲು ಬಗ್ಗಿದಾಗ ಮಣ್ಣಿನ ಬಿರುಕಿನಿಂದ ಒಂದು ವಾಸನೆ ಬಂತು. ಸಿಹಿಯಾದ, ಕೊಳೆತ ಹಲಸಿನಂಥ ವಾಸನೆ. ಕಾವಿಯಿಂದಲೇ ಹುಣ್ಣು ಕೊಳೆಯುತ್ತಿದೆಯೋ, ಅದು ಮೊದಲೇ ಒಳಗೆ ಕೊಳೆಯುತ್ತಿತ್ತೋ, ಈಗ ಯಾರಿಗೆ ಗೊತ್ತು? ನೋಡಿದರೆ ತಾನೆ. ತೊಳೆಯಲು ಅಜ್ಜಿಯೇ ಒಪ್ಪಬೇಕು, ಅಜ್ಜಿ ಒಪ್ಪಬೇಕಾದರೆ ಮಣ್ಣು ಸೋತಿದೆ ಎನ್ನಬೇಕು, ಮಣ್ಣು ಸೋತಿದೆ ಎನ್ನಬೇಕಾದರೆ ಅದು ಮಣ್ಣೇ ಅಲ್ಲ ಎನ್ನಬೇಕು.

“ಏನಮ್ಮ ರೂಪಾ, ಎಲ್ಲಾನೂ ಕೆಂಪು ಡಬ್ಬಿಗೇ ಹಾಕ್ತಾ ಇದೀಯ. ಓನರ್ ಮೇಲೆ ಸಿಟ್ಟಾ?” ಸೂಪರ್‌ವೈಸರ್ ಯಲ್ಲಯ್ಯ ಹಿಂದೆ ನಿಂತಿದ್ದ. ಡಬ್ಬಿಗೆ ಕೈ ಹಾಕಿ ನಾಲ್ಕು ವಾಷರ್ ಹೆಕ್ಕಿ, ತನ್ನ ವರ್ನಿಯರಿನಲ್ಲಿ ಒಂದೊಂದಾಗಿ ಅಳೆದು ಮೇಜಿನ ಮೇಲಿಟ್ಟ. ಹನ್ನೆರಡು, ಹನ್ನೆರಡು, ಹನ್ನೆರಡು, ಹನ್ನೆರಡು. ಪಕ್ಕದ ಮೇಜಿನ ಪೂಜಾ ತಲೆ ತಗ್ಗಿಸಿ ಮುಸಿಮುಸಿ ನಗುತ್ತಿದ್ದಳು. ಇನ್ನೊಂದು ದಿನವಾಗಿದ್ದರೆ ರೂಪಶ್ರೀ ನಾಚಿ ಮುದುಡುತ್ತಿದ್ದಳು. ಇವತ್ತು ಆ ನಾಲ್ಕು ಉಂಗುರಗಳನ್ನು ನೋಡುತ್ತ ಅವಳಿಗೆ ಬೇರೆಯೇ ಏನೋ ಸಲೀಸಾಯಿತು. ಸರಿಯಿದ್ದದ್ದನ್ನು ಅವಳು ಕೆಟ್ಟದ್ದೆಂದು ಎಸೆದಿದ್ದಳು, ಇವನು ಬಂದ, ಅಳೆದ, ಮುಗಿಯಿತು. ಬೈಗುಳವೂ ಇಲ್ಲ, ಅಳುವೂ ಇಲ್ಲ. “ಸಾರ್, ಒಂದ್ ವರ್ನಿಯರ್ ಬೇಕಿತ್ತು. ನಾಳೆ ಒಂದಿನಕ್ಕೆ, ಮನೆಗೆ.”

“ಕಂಪನಿ ಐಟಂ ಗೇಟ್ ದಾಟಂಗಿಲ್ಲ. ಏನಕ್ಕೆ, ಮದ್ವೆ ಉಂಗುರ ಅಳೀತಾರಾ?”

“ನಮ್ಮ ನಾಯಿಗೆ ಗಂಟಾಗಿದೆ ಸಾರ್. ಅಳ್ದು ಡಾಕ್ಟ್ರಿಗೆ ಹೇಳ್ಬೇಕು.”

ಯಲ್ಲಯ್ಯ ನಗಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿದ. ಬೀರುವಿನ ಕೆಳಖಾನೆಯಿಂದ ತುಕ್ಕು ಹತ್ತಿದ ಒಂದು ಹಳೆಯ ವರ್ನಿಯರ್ ತೆಗೆದು ಒರೆಸಿ ಕೊಟ್ಟ. “ಸ್ಕ್ರಾಪ್ ಇದು, ಇಟ್ಕೋ. ಬಾಯಿ ಮುಚ್ಚಿದ್ರೂ ಸೊನ್ನೆ ತೋರ್ಸಲ್ಲ, ಪಾಯಿಂಟ್ ಎರಡು ಜಾಸ್ತಿ ತೋರ್ಸುತ್ತೆ. ಗೊತ್ತಿದ್ರೆ ಏನೂ ತೊಂದ್ರೆ ಇಲ್ಲ, ಅಷ್ಟನ್ನ ಕಳ್ದು ಬರ್ಕೋ.”

ಗೊತ್ತಿದ್ದರೆ ಏನೂ ತೊಂದರೆ ಇಲ್ಲ. ಗುಬ್ಬಿಯ ಬಸ್ಸಿನಲ್ಲಿ ಅವಳು ಬ್ಯಾಗಿನೊಳಗೆ ಕೈಯಿಟ್ಟು ಆ ತಣ್ಣನೆಯ ಕಬ್ಬಿಣ ಹಿಡಿದೇ ಕೂತಿದ್ದಳು.

ಭಾನುವಾರ ಇನ್ನೂ ನಸುಕಿರುವಾಗಲೇ ಜಗಲಿಯ ಮೇಲೆ ಚಿಕ್ಕಮಾರಮ್ಮನ ದನಿ ಕೇಳಿಸಿತು. ಸಂತೆಬೀದಿಯಲ್ಲಿ ಸೊಪ್ಪು ಮಾರುವ ಹೆಂಗಸು. ಸೊಂಟಕ್ಕೆ ಸರ್ಪಸುತ್ತು ಎದ್ದು ಕೂರಲಾಗದೆ ಏಳಲಾಗದೆ ಒದ್ದಾಡಿ, ಮೂರು ವಾರದ ಹಿಂದೆ ಇದೇ ಜಗಲಿಯಲ್ಲಿ ಬರೆಸಿಕೊಂಡು ಹೋಗಿದ್ದಳು. ಈಗ ದಂಟಿನ ಸೊಪ್ಪಿನ ಒಂದು ಕಂತೆಯನ್ನು, ಕೊಟ್ಟಂತೆಯೂ ಆಗಬಾರದು ಮರೆತಂತೆಯೂ ಆಗಬಾರದು ಎನ್ನುವ ಹಾಗೆ ಕಂಬದ ಮರೆಯಲ್ಲಿ ಇಟ್ಟು ನಿಂತಿದ್ದಳು. ಸೆರಗು ಸರಿಸಿ ಸೊಂಟ ತೋರಿಸಿದಳು. ಚರ್ಮ ನುಣುಪಾಗಿತ್ತು. “ನೋಡ್ರವ್ವಾ, ಗುರುತೂ ಇಲ್ಲ! ಹೋದ್ವರ್ಷ ನಮ್ಮ್ ಅತ್ತಿಗೆಗೆ ಬರ್ದಿದ್ರಲ್ಲ, ಅದ್ಕಿಂತ ಈ ಸಲದ ಮಣ್ಣು ಬಲೇ ಜೋರು. ಬಣ್ಣ ನೋಡಿದ್ರೇನೇ ಉರಿ ಇಳೀತಿತ್ತು.”

“ನಮ್ಮವ್ವನ ಹೊಲದ್ದು. ಮೊಮ್ಮಗಳು ಹೋಗಿ ತಂದ್ಲು” ಎಂದಳು ಬಸವಲಿಂಗಮ್ಮ, ಹಣೆಯ ವಿಭೂತಿ ಗೆರೆಗಳು ಮೇಲೇರುವಷ್ಟು ಹುಬ್ಬೇರಿಸಿ.

ಬಾಗಿಲಲ್ಲಿ ನಿಂತ ರೂಪಶ್ರೀಯನ್ನು ಚಿಕ್ಕಮಾರಮ್ಮ ಎಂಥ ಕಣ್ಣಿನಿಂದ ನೋಡಿದಳೆಂದರೆ, ಅವಳಿಗೆ ಒಳಗೆ ಓಡಿಬಿಡೋಣ ಅನ್ನಿಸಿತು. ಆಮೇಲೆ ಆ ಹೆಂಗಸು ಬರ್ತೀನಿ ಎನ್ನದೆ ಇಳಿದು, ತಿರುಗಿ ನೋಡದೆ ಹೋದಳು. ಅಜ್ಜಿ ತೇಯುವ ಕಲ್ಲನ್ನು ಹತ್ತಿರ ಎಳೆದುಕೊಂಡು, “ಕರ್ಕಂಬಾ ಪುರಿನ. ಇವತ್ತೊಂದ್ಸಲ ಬರ್ದ್ಬುಡಾನ” ಎಂದಳು.

“ಅಜ್ಜೀ, ಅದು ನಿಮ್ಮವ್ವನ ಹೊಲದ ಮಣ್ಣಲ್ಲ.”

ಅಷ್ಟು ಸುಲಭವಾಗಿ ಮಾತು ಹೊರಗೆ ಬಂತು. ಬಸ್ಸು ತಪ್ಪಿದ್ದು, ಅಂಗಡಿ, ಪೊಟ್ಟಣ, ಕಲ್ಲುಬೆಂಚು, ಎಲ್ಲ ಹೇಳಿದಳು. ವಾಸನೆಯನ್ನೂ ಹೇಳಿದಳು, ಡಾಕ್ಟರಿಗೆ ಮಾತು ಕೊಟ್ಟು ತಪ್ಪಿದ್ದನ್ನೂ. ಅಜ್ಜಿ ಟಿಫನ್ ಬಾಕ್ಸಿಗೆ ಬೆರಳದ್ದಿ, ಉಜ್ಜಿ, ಮೂಸಿ ನೋಡಿದಳು. ಅವಳ ಮುಖ ಮೊದಲು ಸಣ್ಣದಾಯಿತು. ರೂಪಶ್ರೀ ಅಂಜಿದ್ದು ಇದನ್ನೇ, ಅಜ್ಜಿ ಎದುರಿಗೇ ಮುದುಕಿಯಾಗಿಬಿಡುವುದನ್ನು. ಆಮೇಲೆ ಕಣ್ಣು ಅಗಲವಾಯಿತು.

“ಅಯ್ಯೋ ಮುಂಡೇದೇ! ಚಿಕ್ಕಮಾರಮ್ಮಂಗೂ ಇದನ್ನೇ ಬರ್ದೆನಲ್ಲೇ!”

“ಹೂಂ.”

“ಹೊಸ್ಲಿಗೆ ಬಳ್ಯೋ ಕಾವಿ ಅವ್ಳ ಸೊಂಟಕ್ ಬಳ್ದೆ!”

“ಹೂಂ ಅಜ್ಜಿ.”

“ವಾಸಿ ಆಯ್ತಲ್ಲ?”

ಇಬ್ಬರೂ ಕಂಬದ ಮರೆಯ ದಂಟಿನ ಸೊಪ್ಪನ್ನು ನೋಡಿದರು. ಬಸವಲಿಂಗಮ್ಮನ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ರೂಪಶ್ರೀ ಹತ್ತಿರ ಸರಿದರೆ, ನಗು. ಹಲ್ಲಿಲ್ಲದ ಬಾಯಿ ತುಂಬ, ಕಣ್ಣಲ್ಲಿ ನೀರು ಬರುವಷ್ಟು ನಗು. “ಅರವತ್ತೊರ್ಸದಿಂದ ಆ ಮಣ್ಣಿಗ್ ಕೈ ಮುಗೀತಾ ಬಂದೆ ಕಣೇ. ನೋಡ್ದಾ? ಮಣ್ಣಲ್ಲ. ನನ್ ಕೈಯಿ!” ಬಲಗೈಯನ್ನು ಬೆಳಕಿಗೆ ಹಿಡಿದು, ಯಾರದೋ ಕೈ ಎಂಬಂತೆ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಆ ಹೆಮ್ಮೆಯ ಮುಂದೆ ತನ್ನ ಮೂರು ವಾರದ ತಪ್ಪಿತಸ್ಥ ಭಾವ ಎಷ್ಟು ಅಗ್ಗದ್ದು ಅನ್ನಿಸಿ ರೂಪಶ್ರೀಗೂ ನಗು ಬಂತು. ಆದರೆ ನಕ್ಕು ಬಿಟ್ಟರೆ ಕೆಲಸ ಇಲ್ಲಿಗೇ ನಿಲ್ಲುತ್ತದೆ.

“ಹಂಗಾದ್ರೆ ಪುರಿಗ್ಯಾಕೆ ವಾಸಿ ಆಗ್ಲಿಲ್ಲ?”

ಅಜ್ಜಿಯ ಕೈ ನಿಧಾನವಾಗಿ ಮಡಿಲಿಗೆ ಇಳಿಯಿತು. ಒಳಗೆ ಗಿರಣಿಯ ಪಟ್ಟೆ ಹಾಕುತ್ತಿದ್ದ ಅಪ್ಪ ಮಹಾದೇವಯ್ಯ ಕೆಮ್ಮಿದ ಸದ್ದು ಕೇಳಿಸಿತು. ಕ್ಯಾನಿನ ಕಿರೀಟ ಹೊತ್ತ ಪುರಿ ಬಾಗಿಲ ಚೌಕಟ್ಟಿಗೆ ಡಬ್ ಎಂದು ತಾಗಿಸಿಕೊಂಡು ಹೊರಗೆ ಬಂದು, ಕರೆಯದಿದ್ದರೂ ಭಾನುವಾರದ ಅಭ್ಯಾಸದಂತೆ ಅಜ್ಜಿಯ ಮುಂದೆ ಬಲ ಪಕ್ಕೆ ಮೇಲಾಗಿ ಮಲಗಿತು. ಬಸವಲಿಂಗಮ್ಮ ಬಗ್ಗಿ ಮೂಸಿದಳು. ಬಿರುಕಿನ ಹತ್ತಿರ ಮೂಗು ತಂದು ಇನ್ನೊಮ್ಮೆ ಮೂಸಿದಳು.

“ಇದು ನನ್ ಕೈಗೆ ಸೇರಿದ್ದಲ್ಲ” ಎಂದಳು. ಸೋತ ದನಿಯಲ್ಲ. ಇದು ನಮ್ಮ ಗಿರಣಿಗೆ ಹಾಕುವ ಕಾಳಲ್ಲ, ಬೇರೆ ಕಡೆ ಹೋಗಿ ಎಂದು ಅಪ್ಪ ಹೇಳುತ್ತಾನಲ್ಲ, ಹಾಗೆ. “ನೀರ್ ಕಾಯ್ಸು. ತೀರಾ ಬಿಸಿ ಬ್ಯಾಡ, ಮೊಣಕೈ ತಡ್ಕಬೇಕು. ಹಳೇ ಪಂಚೆ ತಾ. ಬರ್ದೋಳೇ ತೊಳುದ್ರೆ ಕೈ ಕೆಡಲ್ಲ.”

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪುರಿಯನ್ನು ನಿಲ್ಲಿಸಿದರು. ರೂಪಶ್ರೀ ಕೊರಳು ತಬ್ಬಿ ಹಿಡಿದಳು, ಅಜ್ಜಿ ಚೊಂಬಿನಿಂದ ತೆಳ್ಳಗೆ ನೀರು ಬಿಟ್ಟಳು. ಮೊದಲ ಚೊಂಬಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಮಣ್ಣು ಕಪ್ಪಾಯಿತು, ಮೂರನೆಯದಕ್ಕೆ ಕೆನೆಯಂತೆ ಎದ್ದು ಜಾರತೊಡಗಿತು. ಕೆಂಪು ನೀರು ಕಲ್ಲಿನಿಂದ ಇಳಿದು, ಕಾಲುಬೆರಳುಗಳ ಸಂದಿಯಲ್ಲಿ ಹರಿದು, ದಾಸವಾಳದ ಬುಡಕ್ಕೆ ಹೋಯಿತು. ಮೂರು ಭಾನುವಾರ ಎಳೆದ ಗೆರೆಗಳನ್ನು ಅವೇ ಬೆರಳುಗಳು, ಅದೇ ಸುತ್ತಿನಲ್ಲಿ, ಈಗ ಹಿಂದಕ್ಕೆ ತೊಳೆಯುತ್ತಿದ್ದವು. ಅಜ್ಜಿ ನಾಯಿಯ ಕಿವಿಯಲ್ಲಿ ಗೊಣಗುತ್ತಿದ್ದಳು: ಒಂದೂರಿನಲ್ಲಿ ಒಬ್ಬ ರಾಜ, ಅವನಿಗೆ ಒಬ್ಬಳೇ ಮಗಳು. ಪುರಿ ನಡುಗುವುದನ್ನು ನಿಲ್ಲಿಸಿ, ಹೂಂ ಅನ್ನಲು ಬಾರದ್ದಕ್ಕೆ ಬಾಲವನ್ನು ಒಂದು ಸಲ ಆಡಿಸಿತು. ರೂಪಶ್ರೀ ಕಣ್ಣು ಮುಚ್ಚಿಕೊಂಡಿದ್ದಳು. ಮುಚ್ಚಿದ ರೆಪ್ಪೆಯೊಳಗೆ ಒಂದು ಸಾಸಿವೆ ಕಾಳು ಕಾಣುತ್ತಿತ್ತು. ಅದು ಎಷ್ಟು ಚೆಂದದ ಕಾಳು, ಎಷ್ಟು ವರ್ಷ ತನ್ನನ್ನು ನಿದ್ದೆ ಮಾಡಿಸಿದೆ. ಕಣ್ಣು ಬಿಟ್ಟಳು.

ಬಿಳಿ ಕೂದಲು ಉದುರಿದ ಕಡೆ ಗುಲಾಬಿ ಚರ್ಮ. ಮೂರು ಗಂಟು. ದೊಡ್ಡದರ ನೆತ್ತಿಯಲ್ಲಿ ಹುಣ್ಣು ತೆರೆದ ಕಣ್ಣಿನಂತಿತ್ತು, ಅಂಚು ಕೆಂಪಗೆ, ನಡುವೆ ಹಳದಿ ನೀರು. ಅವಳು ಅಂಜಿದ್ದಕ್ಕಿಂತ ದೊಡ್ಡದು. ಹಲಸಿನ ವಾಸನೆ ಈಗ ಮುಚ್ಚುಮರೆಯಿಲ್ಲದೆ ಬಂತು. ಆದರೆ ಅದು ಅಲ್ಲಿತ್ತು, ಅಷ್ಟೆ. ಅದಕ್ಕೆ ಒಂದು ಅಂಚಿತ್ತು. ಅಂಚು ಇದ್ದದ್ದನ್ನು ಅಳೆಯಬಹುದು. ಅಜ್ಜಿ ಪಂಚೆಯ ಮೆತ್ತನೆ ತುದಿಯಿಂದ ಸುತ್ತಲಿನ ತೇವ ಒತ್ತಿ ತೆಗೆದಳು. ರೂಪಶ್ರೀ ವರ್ನಿಯರಿನ ಹಲ್ಲುಗಳನ್ನು ಬಿಸಿನೀರಿನಲ್ಲಿ ತೊಳೆದು, ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿ, ಗಂಟಿಗೆ ತಾಗಿಯೂ ತಾಗದಂತೆ ಹಿಡಿದಳು. ಪುರಿ ತಲೆ ತಿರುಗಿಸಿ ಅವಳ ಮಣಿಕಟ್ಟನ್ನು ನೆಕ್ಕಿತು. ಒಮ್ಮೆಗೇ ಅವಳ ಬೆರಳುಗಳು ಶೆಡ್ಡಿನ ಬೆರಳುಗಳಾದವು.

“ಒಂದನೇದು, ಹದಿನಾಲ್ಕು ಪಾಯಿಂಟ್ ಎರಡು” ಎಂದಳು, ಪಾಯಿಂಟ್ ಎರಡನ್ನು ಕಳೆದು ಚೀಟಿಯಲ್ಲಿ ಬರೆದುಕೊಳ್ಳುತ್ತ.

ಕೆಂಪು ನೀರಲ್ಲಿ ಕಾಲಿಟ್ಟು ನಿಂತ ಬಸವಲಿಂಗಮ್ಮ, “ಹೂಂ” ಎಂದಳು.

“ಎರಡನೇದು ಇಪ್ಪತ್ತೊಂದು. ಹುಣ್ಣಿಲ್ಲ.”

“ಹೂಂ.”

“ಮೂರನೇದು ಮೂವತ್ತೆರಡು ಪಾಯಿಂಟ್ ಆರು. ಹುಣ್ಣು ಒಂಬತ್ತು.”

“ಹೂಂ.”

ಪೆನ್ನು ಮುಚ್ಚಬೇಕೆಂದಿದ್ದಾಗ ತೊಡೆಯ ಒಳಮಗ್ಗುಲಲ್ಲಿ, ಮಣ್ಣಿನ ಕೊನೆಯ ಗೆರೆ ಇದ್ದ ಕಡೆ, ಅವಳ ಹೆಬ್ಬೆರಳಿಗೆ ಏನೋ ತಟ್ಟಿತು. ಯಾರೂ ಲೆಕ್ಕ ಹಿಡಿಯದಿದ್ದ ನಾಲ್ಕನೆಯದು. ದುಂಡಗೆ, ಗಟ್ಟಿಯಾಗಿ, ಈಗಷ್ಟೇ ಎದ್ದದ್ದು. ಅಜ್ಜಿ ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದಳು. ಅವಳ ಬಾಯಿಗೆ ಕಥೆಯ ಯಾವ ಮಾತು ಬಂದು ನಿಂತಿದೆಯೆಂದು ಮೊಮ್ಮಗಳಿಗೆ ಗೊತ್ತಿತ್ತು. ಆ ಮಾತು ಹೊರಬೀಳುವ ಮುಂಚೆ ರೂಪಶ್ರೀ ಹಲ್ಲುಗಳನ್ನು ಹತ್ತಿರ ತಂದು, ಉಸಿರು ಹಿಡಿದು, ಗೀಟುಗಳನ್ನು ಓದಿದಳು.

“ನಾಲ್ಕನೇದು” ಎಂದಳು. “ಎರಡು ಪಾಯಿಂಟ್ ಒಂದು.”

ಬರೆದುಕೊಂಡಳು. ಅಜ್ಜಿ ಚೊಂಬನ್ನು ಕಲ್ಲಿನ ಮೇಲೆ ಬೋರಲು ಹಾಕಿ, ಬಲು ನಿಧಾನವಾಗಿ, “ಹೂಂ” ಎಂದಳು.